ಭಾಮೆಯ ಕಡೆಯವರು, ರುಕ್ಮಿಣಿಯ ಕಡೆಯವರು

ಧಾರಾವಾಹಿಯ ನಾಯಕ ಇವಳನ್ನು ಕಟ್ಟಿಕೊಳ್ಳಬೇಕೋ ಅವಳನ್ನೋ ಎಂದು ಅಭಿಮಾನಿಗಳು ಎರಡು ಬಣವಾಗಿ ನಿಂತು ಬೈದಾಡಿಕೊಂಡರೆ, ಓದಿದವರ ಬಳಿ ಉತ್ತರ ಸಿದ್ಧವಾಗಿರುತ್ತದೆ. ಕೆಲವರಿಗೆ ಇದು ಹುಚ್ಚು, ಪರದೆಯ ಮೇಲಿನದನ್ನು ನಿಜವೆಂದು ನಂಬಿದವರ ಪಾಡು. ಇನ್ನು ಕೆಲವರಿಗೆ ಚಾನೆಲ್ಲಿನವರು ಟಿಆರ್‌ಪಿಗಾಗಿ ಹಚ್ಚಿದ ಬೆಂಕಿ. ಉಳಿದವರು ಇಷ್ಟು ಯೋಚಿಸುವ ಗೋಜಿಗೂ ಹೋಗುವುದಿಲ್ಲ. ಹೆಂಗಸರ ಟೈಂಪಾಸ್, ಬಿಡ್ರಿ ಎಂದು ಎದ್ದುಬಿಡುತ್ತಾರೆ. ಮೂವರೂ ಒಂದು ವಿಷಯದಲ್ಲಿ ಒಮ್ಮತದಿಂದಿದ್ದಾರೆ: ಈ ಜಗಳದಲ್ಲಿ ಕೇಳಿಸಿಕೊಳ್ಳುವಂಥ ಮಾತೇನೂ ಇಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ. ಜೋಡಿಗಾಗಿ ನಡೆಯುವ ಜಗಳ ಪ್ರೀತಿಯ ಅಮಲಿನಿಂದ ಹುಟ್ಟುವುದಲ್ಲ. ಯಾರ ಹಕ್ಕು ದೊಡ್ಡದು ಎಂಬ ಪಂಚಾಯಿತಿ ಅದು. ಎಷ್ಟೋ ಜನರಿಗೆ ತಮ್ಮ ಸ್ವಂತ ಬದುಕಿನಲ್ಲಿ ಆ ಪಂಚಾಯಿತಿಯ ಕಟ್ಟೆ ಹತ್ತಲು ಬಿಟ್ಟಿಲ್ಲವಾದ್ದರಿಂದ ಇಲ್ಲಿ ಹತ್ತುತ್ತಾರೆ.

ಈ ಮಾತನ್ನು ಪರೀಕ್ಷಿಸಲು ಕಲಬುರಗಿ ಜಿಲ್ಲೆಯ ಪೂರ್ವದ ತಾಲ್ಲೂಕುಗಳಿಗಿಂತ ಒಳ್ಳೆಯ ಜಾಗ ನನಗೆ ತೋರುವುದಿಲ್ಲ. ವಾಡಿಯಿಂದ ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲುಮಾರ್ಗ 1874ರದ್ದು. ಮುಂಬೈ–ಮದ್ರಾಸ್ ಮಾರ್ಗವೂ ಶಹಾಬಾದ್, ವಾಡಿಗಳ ಮೇಲೇ ಹಾಯುತ್ತದೆ. ಹಳಿಯ ಹಿಂದೆ ಕಲ್ಲಿನ ಗಣಿ, ಅದರ ಹಿಂದೆ ಸಿಮೆಂಟ್ ಕಾರ್ಖಾನೆ, ಅವುಗಳ ಹಿಂದೆ ಕಾಲೊನಿ, ಕಾಲೊನಿಗೆ ನಾಲ್ಕು ದಿಕ್ಕಿನ ಜನ. 1948ರವರೆಗೆ ಹೈದರಾಬಾದ್ ಸಂಸ್ಥಾನ, 1956ರಿಂದ ಮೈಸೂರು ರಾಜ್ಯ. ಹೀಗಾಗಿ ಶಹಾಬಾದಿನವರಿಗೆ ಹಿಂದಿ ಸಿನಿಮಾ ಮನೆಯದೇ, ಸೇಡಂ–ಚಿಂಚೋಳಿಯವರಿಗೆ ತೆಲುಗು ಮನೆಯದೇ, ಕನ್ನಡವಂತೂ ಸೈ. ಮೂರು ಭಾಷೆಯ ಜೋಡಿಗಳ ಬಗ್ಗೆ ಒಂದೇ ಮನೆಯಲ್ಲಿ ವಾದ ನಡೆಯುವ ಸೀಮೆ ಇದು. ಆ ವಾದಗಳನ್ನು ಕಿವಿಗೊಟ್ಟು ಕೇಳಿದರೆ ಭಾಷೆ ಬದಲಾದರೂ ವ್ಯಾಜ್ಯ ಬದಲಾಗುವುದಿಲ್ಲ ಎನ್ನುವುದು ಗೊತ್ತಾಗುತ್ತದೆ.

ವ್ಯಾಜ್ಯ ಬಲು ಹಳೆಯದು. ನಾರದ ತಂದ ಒಂದು ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಸಿಟ್ಟಾದಳು. ಉತ್ತರ ಕರ್ನಾಟಕದ ಸಣ್ಣಾಟಗಳ ಪೈಕಿ ಶ್ರೀಕೃಷ್ಣ ಪಾರಿಜಾತಕ್ಕೆ ಇರುವ ಮಾನ ಇನ್ನೊಂದಕ್ಕಿಲ್ಲ, ಮತ್ತು ಅದರ ಇಡೀ ರಾತ್ರಿ ನಿಂತಿರುವುದು ಈ ಒಂದು ಹೂವಿನ ಮೇಲೆ. ಗಡಿಯಾಚೆ ತೆಲುಗಿನ ಭಾಮಾಕಲಾಪವೂ ಅದೇ ಭಾಮೆಯದು. 1966ರ ತೆಲುಗು ಚಿತ್ರ ‘ಶ್ರೀಕೃಷ್ಣ ತುಲಾಭಾರಂ’ನಲ್ಲಿ ಎನ್.ಟಿ. ರಾಮರಾವ್ ಕೃಷ್ಣ, ಅಂಜಲಿದೇವಿ ರುಕ್ಮಿಣಿ, ಜಮುನಾ ಸತ್ಯಭಾಮೆ. ಭಾಮೆಯ ಬಂಗಾರವೆಲ್ಲ ತಕ್ಕಡಿಯಲ್ಲಿ ಸೋತು ರುಕ್ಮಿಣಿಯ ಒಂದು ತುಳಸಿ ಎಲೆ ಗೆಲ್ಲುವ ಕಥೆ. ಕಥೆ ತೀರ್ಪು ಕೊಟ್ಟುಬಿಟ್ಟಿದೆ, ಇನ್ನೇನು ಉಳಿಯಿತು? ಆದರೂ ಜಮುನಾ ಕಡೆಯವರು ಒಪ್ಪಿಲ್ಲ. ಸಿಟ್ಟಾಗುವ ಹಕ್ಕೇ ಇಲ್ಲದ ಹೆಂಡತಿಯನ್ನು ಹೊಗಳುವುದು ಗಂಡಸರಿಗೆ ಬಲು ಸುಲಭ ಎನ್ನುವುದು ಅವರ ವಾದ. ಆಗ ಟಿಆರ್‌ಪಿ ಇರಲಿಲ್ಲ, ಚಾನೆಲ್ಲೂ ಇರಲಿಲ್ಲ.

ಕನ್ನಡಕ್ಕೆ ಬಂದರೆ ನನ್ನ ಮೊದಲ ಸಾಕ್ಷಿ ‘ಎರಡು ಕನಸು’ ಚಿತ್ರ. 1974ರದ್ದು, ವಾಣಿಯವರ ಕಾದಂಬರಿ, ದೊರೈ–ಭಗವಾನ್ ನಿರ್ದೇಶನ. ರಾಜ್‌ಕುಮಾರ್ ಮನಸ್ಸಿನಲ್ಲಿ ಲಲಿತಾ ಇದ್ದಾಳೆ. ಸಂಬಂಧದ ಹುಡುಗಿ, ಮನೆಗಳ ಮನಸ್ತಾಪದಲ್ಲಿ ಕೈತಪ್ಪಿದವಳು. ಆ ಪಾತ್ರ ಮಂಜುಳಾ ಅವರದು. ಹಿರಿಯರು ತಂದು ಮನೆ ತುಂಬಿಸಿದವಳು ಗೌರಿ, ಆ ಪಾತ್ರ ಕಲ್ಪನಾ ಅವರದು. ಮದುವೆಯಾದ ಗಂಡ ಹೆಂಡತಿಯ ಮುಖ ನೋಡುವುದಿಲ್ಲ. ಆಕೆ ಬಾಗಿಲಲ್ಲಿ ನಿಲ್ಲುತ್ತಾಳೆ, ಊಟ ಬಡಿಸುತ್ತಾಳೆ, ಕಾಯುತ್ತಾಳೆ. ಕೊನೆಗೆ ಲಲಿತಾ ತನ್ನ ಸಂಸಾರದಲ್ಲಿ ಸುಖವಾಗಿರುವುದು ಕಂಡ ಮೇಲೆಯೇ ಈತನ ಕಣ್ಣು ತೆರೆಯುವುದು. ರಾಜನ್–ನಾಗೇಂದ್ರ ಹಾಡುಗಳನ್ನೂ ಬುದ್ಧಿವಂತಿಕೆಯಿಂದ ಹಂಚಿದ್ದಾರೆ, ಯಾರೂ ಬರಿಗೈಲಿ ಹೋಗುವಂತಿಲ್ಲ.

ಚಿತ್ರ ಗೌರಿಯನ್ನು ಗೆಲ್ಲಿಸಿತು, ನೋಡಿದವರೆಲ್ಲ ಗೆಲ್ಲಿಸಲಿಲ್ಲ. ಲಲಿತಾಳ ಪರ ನಿಲ್ಲುವವರು ಬರೀ ಪ್ರೇಮದ ಪರ ನಿಂತವರು ಅಂದುಕೊಂಡರೆ ದಾರಿ ತಪ್ಪುತ್ತೇವೆ. ನಮ್ಮ ಕಡೆ ಸೋದರಮಾವನ ಮಗಳು, ಅಕ್ಕನ ಮಗಳು ಎಂದರೆ ಹುಟ್ಟಿದಾಗಲೇ ಅರ್ಧ ಮಾತು ಆದ ಹಾಗೆ. ಅದನ್ನು ಬಿಟ್ಟು ಹೊರಗಿನ ಹೆಣ್ಣು ತಂದರೆ ತವರಿಗೆ ಅವಮಾನ. ಆದ್ದರಿಂದ ಲಲಿತಾ ಕಡೆಯವರ ವಾದದಲ್ಲಿ ಅರ್ಧ ಹೃದಯದ್ದು, ಇನ್ನರ್ಧ ಬಳಗದ್ದು. ಗೌರಿ ಕಡೆಯವರದು ಬೇರೆಯೇ ದಾರಿ: ಏನೂ ತಪ್ಪು ಮಾಡದೆ ಇನ್ನೊಬ್ಬರ ಮನೆಗೆ ಬಂದು ನಿಂತವಳ ಗತಿ ಏನು? ಹೊಸ್ತಿಲು ದಾಟಿ ಬಂದ ಪ್ರತಿಯೊಬ್ಬ ಸೊಸೆಯೂ ಕೇಳಿಕೊಂಡಿರುವ ಪ್ರಶ್ನೆ. ಇದನ್ನು ಕೇಳುವವಳಿಗೆ ರಾಜ್‌ಕುಮಾರ್ ನಟನೆಂಬುದು ಚೆನ್ನಾಗಿ ಗೊತ್ತು. ಪರದೆಯನ್ನೂ ಬದುಕನ್ನೂ ಕಲಸಿಕೊಂಡವಳಲ್ಲ ಆಕೆ. ಬದುಕಿನಲ್ಲಿ ಬಾಯಿಬಿಟ್ಟು ಕೇಳಲಾಗದ್ದನ್ನು ಪರದೆಯ ನೆಪದಲ್ಲಿ ಕೇಳುತ್ತಿದ್ದಾಳೆ, ಅಷ್ಟೆ.

(ಯಾರಿಗೆ ಯಾರು ಸಲ್ಲುತ್ತಾರೆ ಎಂಬ ಚರ್ಚೆ ಈ ಮಣ್ಣಿಗೆ ಹೊಸದಲ್ಲ. ಧರ್ಮಶಾಸ್ತ್ರದ ಗ್ರಂಥ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನನ್ನು ತನ್ನವನೆಂದು ಹೇಳಿಕೊಳ್ಳುವ ಮರತೂರು ಇರುವುದು ಶಹಾಬಾದಿನ ಹತ್ತಿರವೇ. ತಂದೆಯ ಕಡೆ ಏಳು ತಲೆ, ತಾಯಿಯ ಕಡೆ ಐದು ತಲೆಯವರೆಗೆ ಸಪಿಂಡರು, ಅಂದರೆ ರಕ್ತಸಂಬಂಧಿಗಳು, ಮದುವೆ ಸಲ್ಲದು ಎಂಬ ಲೆಕ್ಕದ ವಿವರಣೆ ಆ ಗ್ರಂಥದಲ್ಲಿದೆ. ಆದರೂ ಸುತ್ತಲಿನ ಜನ ಸೋದರಮಾವನ ಮಗಳನ್ನು ತಂದುಕೊಳ್ಳುವುದನ್ನು ಬಿಡಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಲೆಕ್ಕವನ್ನು ಐದು ಮತ್ತು ಮೂರಕ್ಕೆ ಇಳಿಸಿ, ರೂಢಿ ಇದ್ದರೆ ಅದಕ್ಕೂ ವಿನಾಯಿತಿ ಎಂದಿತು. ಪಂಡಿತರೂ ಶಾಸನಸಭೆಯೂ ತಲೆಕೆಡಿಸಿಕೊಂಡ ವಿಷಯದಲ್ಲಿ ರೊಟ್ಟಿ ಬಡಿಯುವವರು ಅಭಿಪ್ರಾಯ ಹೇಳಿದರೆ ಮಾತ್ರ ಹುಚ್ಚು!)

1981ರ ‘ಸಿಲ್‌ಸಿಲಾ’ ಇದೇ ವ್ಯಾಜ್ಯದ ಹಿಂದಿ ಪ್ರತಿ. ಸತ್ತ ಅಣ್ಣನ ವಾಗ್ದತ್ತೆಯನ್ನು ಕರ್ತವ್ಯವೆಂದು ಕಟ್ಟಿಕೊಂಡವನು ಅಮಿತಾಭ್. ಮನಸ್ಸಿನಲ್ಲಿದ್ದವಳು ರೇಖಾ, ಮನೆಯಲ್ಲಿರುವವಳು ಜಯಾ. ಮೂವರ ಬಗ್ಗೆ ಹೊರಗೆ ಓಡಾಡುತ್ತಿದ್ದ ಗುಸುಗುಸು ಚಿತ್ರದ ಬಗ್ಗೆ ಕುತೂಹಲ ಹುಟ್ಟಿಸಿತು ಎನ್ನುವುದು ನಿಜ. ಅಷ್ಟರಿಂದಲೇ ನಲವತ್ತು ವರ್ಷ ವಾದ ಬದುಕುವುದಿಲ್ಲ. ಇಬ್ಬರ ಹಕ್ಕೂ ತೂಕದ್ದಾಗಿರುವುದರಿಂದ ಬದುಕಿದೆ.

ಟಿವಿ ಬಂದ ಮೇಲೆ ಪಂಚಾಯಿತಿ ದಿನವಹಿಯಾಯಿತು. 2012ರಲ್ಲಿ ಶುರುವಾದ ‘ಪುಟ್ಟಗೌರಿ ಮದುವೆ’ ಧಾರಾವಾಹಿಯ ಕಾಲಕ್ಕೆ ವಾಡಿಯ ಕಾಲೊನಿಯೊಂದರ ಕ್ವಾರ್ಟರ್ಸಿನಲ್ಲಿ ಕೇಳಿದ ಮಾತು ಇದು. ಟಿವಿ ಹೊರಕೋಣೆಯಲ್ಲಿ, ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ, ನೋಡುವುದು ಕಿವಿಯಿಂದಲೇ. ಅತ್ತೆ ಜೋಳದ ರೊಟ್ಟಿ ಬಡಿಯುತ್ತಿದ್ದರು, ಸೊಸೆ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತಿದ್ದಳು. ಚಿಕ್ಕಂದಿನಲ್ಲಿ ಮಹೇಶನಿಂದ ತಾಳಿ ಕಟ್ಟಿಸಿಕೊಂಡ ಗೌರಿ ಒಂದು ಕಡೆ, ಪಟ್ಟಣದಲ್ಲಿ ಅವನು ಮೆಚ್ಚಿದ ಹಿಮಾ ಇನ್ನೊಂದು ಕಡೆ.

‘ತಾಳಿ ಕಟ್ಟ್ಯಾನೋ ಇಲ್ಲೋ? ಮುಗೀತು. ಹಿಮಾ ನಡುವ ಬಂದಾಕಿ.’

‘ಆಡೋ ವಯಸ್ಸಿನ್ಯಾಗ ಕಟ್ಟಿದ್ದು ತಾಳಿ ಹ್ಯಾಂಗ ಆಗ್ತದರೀ ಅತ್ತಿ? ಅಂವಗ ಏನ ತಿಳಿತಿತ್ತು, ಅಕಿಗೆ ಏನ ತಿಳಿತಿತ್ತು?’

‘ತಿಳೀಲಿಕ್ಕೇನದ ಅದರಾಗ? ನನಗೂ ಹಂಗೇ ಕಟ್ಟಿದ್ರು.’

ಸೊಸೆ ಮರುಮಾತಾಡಲಿಲ್ಲ. ಅತ್ತೆಯೇ ಇನ್ನೊಂದು ಹಿಟ್ಟಿನ ಮುದ್ದೆ ತಟ್ಟುತ್ತ, ‘ಆದ್ರೂ ಆ ಹಿಮಾನ ತಪ್ಪೇನದ, ಅಕೀನೂ ಪಾಪನೇ’ ಎಂದರು. ನಿರ್ದೇಶಕರಿಗೂ ಹೊಳೆಯದ ಒಂದು ಸೂಕ್ಷ್ಮ ಆ ಸಂಜೆ ಅಲ್ಲಿ ಬಂದುಹೋಯಿತು. ಸೊಸೆ ಹಿಮಾಳ ಪರ ನಿಂತು ಹೇಳಿದ್ದು ಬಾಲ್ಯವಿವಾಹ ಮದುವೆಯೇ ಅಲ್ಲ ಎಂದು. ಈ ಮಾತನ್ನೇ ನೇರವಾಗಿ ಅತ್ತೆಯ ಮದುವೆಯ ಬಗ್ಗೆ ಆಕೆ ಆಡಬಲ್ಲಳೇ? ಅಕ್ಷಯ ತೃತೀಯ ಹತ್ತಿರ ಬಂದರೆ ಬಾಲ್ಯವಿವಾಹ ತಡೆಯಲು ಅಧಿಕಾರಿಗಳು ಇಂದಿಗೂ ಹಳ್ಳಿ, ತಾಂಡಾ ಸುತ್ತುವ ಸೀಮೆಯಲ್ಲಿ ಗೌರಿ–ಹಿಮಾ ಜಗಳ ಟೈಂಪಾಸ್ ಎನ್ನುವವರು ಒಮ್ಮೆ ಹಂಚಿನ ಪಕ್ಕ ಕೂತು ನೋಡಲಿ.

ಟಿಆರ್‌ಪಿಯ ವಾದದಲ್ಲಿ ಅರ್ಧ ಹುರುಳಿದೆ ಎಂದು ಒಪ್ಪುತ್ತೇನೆ. ಪ್ರೊಮೊ ಕತ್ತರಿಸುವವನಿಗೆ ಎಲ್ಲಿ ಊದಬೇಕೆಂದು ಗೊತ್ತು. ಆದರೆ ಊದಿದಲ್ಲೆಲ್ಲ ಹೊತ್ತುವುದಿಲ್ಲವಲ್ಲ. ವಿಷ ಬೆರೆಸುವ, ಮೆಟ್ಟಿಲ ಮೇಲೆ ಎಣ್ಣೆ ಸುರಿಯುವ ಅಪ್ಪಟ ಖಳನಾಯಕಿಗೆ ಯಾವ ಬಣವೂ ಹುಟ್ಟಿಲ್ಲ. ಜನ ಆಕೆಗೆ ಶಾಪ ಹಾಕಿ ಸುಮ್ಮನಾಗುತ್ತಾರೆ. 2020ರ ಧಾರಾವಾಹಿ ‘ಕನ್ನಡತಿ’ಯಲ್ಲಿ ನಾಯಕ ಹರ್ಷನ ಜೋಡಿ ಭುವನೇಶ್ವರಿಯೇ (ಭುವಿ) ಎಂದು ಮೊದಲ ವಾರದಲ್ಲೇ ಎಲ್ಲರಿಗೂ ತಿಳಿದಿತ್ತು. ಆದರೂ ವರೂಧಿನಿಗೆ ಅವಳದೇ ಕಡೆಯವರಿದ್ದರು. ಅವಳೇನು ಹೊರಗಿನಿಂದ ನುಗ್ಗಿದವಳಲ್ಲ, ಭುವಿಯ ಗೆಳತಿ. ತನ್ನ ಆಸೆಯನ್ನು ಬಚ್ಚಿಟ್ಟವಳೂ ಅಲ್ಲ. ಹಕ್ಕಿನ ವಾಸನೆ ಇದ್ದಲ್ಲಿ ಮಾತ್ರ ಬಣ ಏಳುತ್ತದೆ. ಚಾನೆಲ್ಲು ಬಡ್ಡಿ ತಿನ್ನಬಹುದು, ಅಸಲು ನೋಡುವವರದು.

ಅಭಿಮಾನಿಗಳೆಂದರೆ ನಾಯಕನಟನ ಅಭಿಮಾನಿಗಳು ಎಂಬ ಗೃಹೀತವೂ ಇಲ್ಲಿ ತೊಡಕು ಮಾಡಿದೆ. 1973ರ ‘ಗಂಧದ ಗುಡಿ’ಯ ನಂತರ ಬೆಳೆದ ರಾಜ್‌ಕುಮಾರ್–ವಿಷ್ಣುವರ್ಧನ್ ಅಭಿಮಾನಿಗಳ ವೈಷಮ್ಯದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅದಕ್ಕೆ ಸಂಘವಿತ್ತು, ಬಾವುಟವಿತ್ತು, ಕಟೌಟು, ಹಾಲಿನ ಅಭಿಷೇಕ, ಅಧ್ಯಕ್ಷ, ಖಜಾಂಚಿ ಎಲ್ಲವೂ ಇದ್ದವು. ಶ್ರೀನಾಥ್–ಮಂಜುಳಾ ಜೋಡಿ ಅಭಿಮಾನಿಗಳ ಸಂಘ ಎಂಬ ಬೋರ್ಡನ್ನು ನಾನಂತೂ ಯಾವ ಊರಿನಲ್ಲೂ ಕಂಡಿಲ್ಲ. ಅನಂತನಾಗ್–ಲಕ್ಷ್ಮಿ ಅವರ ‘ಚಂದನದ ಗೊಂಬೆ’, ‘ನಾ ನಿನ್ನ ಬಿಡಲಾರೆ’ (ಎರಡೂ 1979), ‘ಬೆಂಕಿಯ ಬಲೆ’ (1983) ನೋಡಿ ಇದೇ ಸಂಸಾರ ಅಂದುಕೊಂಡವರು ಪಟಾಕಿ ಹೊಡೆಯಲಿಲ್ಲ. ಬಾವಿಕಟ್ಟೆಯಲ್ಲಿ, ಹಪ್ಪಳ ಒಣಗಿಸುವ ಮಾಳಿಗೆಯಲ್ಲಿ ಮಾತಾಡಿಕೊಂಡರು. ಆ ಮಾತುಗಳನ್ನು ಯಾರೂ ಬರೆದಿಡಲಿಲ್ಲ. ಬರೆದಿಡದ್ದು ಇರಲೇ ಇಲ್ಲ ಅಂದುಕೊಂಡು, ಈಗ ಮೊಬೈಲು ಬಂದ ಮೇಲೆ ಒಮ್ಮೆಲೇ ಕಿವಿಗೆ ಬಿದ್ದಾಗ ಹೊಸ ರೋಗ ಎನ್ನುತ್ತಿದ್ದೇವೆ.

ಎರಡೂ ಅಭಿಮಾನ ಬೇರೆ ಎಂಬುದಕ್ಕೆ ಭಾರತಿಯವರ ಉದಾಹರಣೆ ಸಾಕು. 1972ರ ‘ಬಂಗಾರದ ಮನುಷ್ಯ’ದಲ್ಲಿ ಆಕೆ ರಾಜ್‌ಕುಮಾರ್ ಜೋಡಿ, 1975ರಲ್ಲಿ ವಿಷ್ಣುವರ್ಧನ್ ಅವರ ಮಡದಿ. ಸಂಘದ ಲೆಕ್ಕದಲ್ಲಿ ಇದು ಎದುರಾಳಿಯ ಪಾಳೆಯಕ್ಕೆ ಹೋದಂತೆ ಆಗಬೇಕಿತ್ತು. ರಾಜ್ ಚಿತ್ರ ಒಂದೂ ಬಿಡದೆ ನೋಡುವ, ವಿಷ್ಣು–ಭಾರತಿ ಸಂಸಾರವನ್ನೂ ಬಾಯ್ತುಂಬ ಹೊಗಳುವ ಹೆಂಗಸರನ್ನು ಬಲ್ಲವರಿಗೆ ಆ ಲೆಕ್ಕ ಎಷ್ಟು ಟೊಳ್ಳು ಎಂದು ಗೊತ್ತು. ನಾಯಕನ ಅಭಿಮಾನಿಗೆ ಬೇಕಾದದ್ದು ತನ್ನವನ ಗೆಲುವು. ಜೋಡಿ ನೋಡುವವರಿಗೆ ಬೇಕಾದದ್ದು ನ್ಯಾಯ, ಅದು ಯಾರ ಚಿತ್ರದಲ್ಲಾದರೂ ಸಿಗಲಿ.

ಇಷ್ಟಾದರೂ ಇವತ್ತಿನ ಜೋಡಿ ಜಗಳದಲ್ಲಿ ನನಗೂ ಬೇಸರ ತರಿಸುವ ಅಂಶವಿದೆ. ಅದನ್ನು ಹೇಳಲು ಹರದೇಶಿ–ನಾಗೇಶಿಯ ಮಾತೆತ್ತಬೇಕು. ಕಲಬುರಗಿ, ವಿಜಯಪುರದ ಕಡೆ ಜಾತ್ರೆ, ಉರುಸು ನೋಡಿದವರಿಗೆ ಇದರ ಪರಿಚಯ ಬೇಡ. ಒಂದು ಮೇಳ ಹರದೇಶಿ, ಗಂಡಿನ ಪರ, ಶಿವನ ಪರ. ಎದುರಿನ ಮೇಳ ನಾಗೇಶಿ, ಹೆಣ್ಣಿನ ಪರ, ಶಕ್ತಿಯ ಪರ. ಮಹಾರಾಷ್ಟ್ರದ ತುರಾ–ಕಲಗಿಯ ಒಡಹುಟ್ಟು. ಮುಂದಿನ ಹಾಡುಗಾರ ಡಪ್ಪು ಹಿಡಿದು ಒಂದು ಹೆಜ್ಜೆ ಮುಂದೆ ಬಂದು ಎತ್ತುತ್ತಾನೆ. ಹಿಂದಿನ ಇಬ್ಬರು ತುಂತುಣಿ, ತಾಳದೊಂದಿಗೆ ಗೀಗೀ ಎಂದು ಕೂಡುತ್ತಾರೆ. ಹಾಡಿನ ಕೊನೆಗೆ ಒಂದು ಸವಾಲು. ಸೀತೆಯನ್ನು ಕಾಡಿಗಟ್ಟಿದವನ ದೊಡ್ಡಸ್ತಿಕೆ ಏನು ಹೇಳು, ಎಂದು ಈ ಕಡೆ. ಬಂಗಾರದ ಜಿಂಕೆ ಬೇಡಿದವಳು ಯಾರು ಹೇಳು, ಎಂದು ಆ ಕಡೆ. ಎದುರಿನವರು ಜವಾಬು ಕೊಟ್ಟೇ ತಮ್ಮ ಸವಾಲು ಎಸೆಯಬೇಕು. ಜವಾಬು ತಪ್ಪಿದರೆ ಜನ ಮುಖದ ಮೇಲೇ ನಗುತ್ತಾರೆ. ಕೇಳುವವರೂ ಎರಡು ಪಂಗಡವಾಗಿ ನೋಟು ಚುಚ್ಚುತ್ತಾರೆ, ಕೇಕೆ ಹಾಕುತ್ತಾರೆ. ಬೆಳಗಾಗುವ ತನಕ ನಡೆದರೂ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ತೀರುವುದಿಲ್ಲ. ತೀರಿಬಿಟ್ಟರೆ ಮುಂದಿನ ಜಾತ್ರೆಗೆ ಹಾಡುವುದೇನು?

ಇದರಲ್ಲಿ ಒಂದು ಕಟ್ಟುನಿಟ್ಟಿದೆ. ನಾಗೇಶಿ ಹಾಡುವವಳಿಗೆ ಹರದೇಶಿಯ ಪದಗಳೂ ಪಾಠವಾಗಿರಬೇಕು, ಇಲ್ಲವಾದರೆ ಜವಾಬು ಎಲ್ಲಿಂದ ಬರಬೇಕು? ಎದುರಾಳಿಯ ಮಾತನ್ನು ಅವನಷ್ಟೇ ಚೆನ್ನಾಗಿ ಬಲ್ಲವನೇ ದೊಡ್ಡ ಹಾಡುಗಾರ. ಬಣ ಕಟ್ಟುವುದು ನಮ್ಮ ಜನಕ್ಕೆ ಚಟವಲ್ಲ, ಕಲೆ ಎನ್ನಲು ಇಷ್ಟು ಸಾಕು. ಮೊಬೈಲಿನ ಬಣಗಳಲ್ಲಿ ಹೋಗಿರುವುದು ಈ ಕಟ್ಟುನಿಟ್ಟು. ಭುವಿ ಕಡೆಯವರು ವರೂಧಿನಿಯ ದೃಶ್ಯ ಬಂದರೆ ಓಡಿಸಿ ಮುಂದೆ ಹೋಗುತ್ತಿದ್ದರು, ಅವರು ಇವರದನ್ನು. ಸವಾಲೇ ಕೇಳದವರು ಜವಾಬಿನ ಬದಲು ನಟಿಯ ಬಣ್ಣ, ಮೈಕಟ್ಟು, ಮನೆತನ ಎಳೆಯುತ್ತಾರೆ. ಬಣವಾದದ್ದಕ್ಕಾಗಿ ಅವರನ್ನು ಬೈಯುವವರ ಜೊತೆ ನಾನು ಸೇರುವುದಿಲ್ಲ. ಅವರು ಸರಿಯಾಗಿ ಬಣ ಕಟ್ಟುತ್ತಿಲ್ಲ ಎನ್ನುವುದು ನನ್ನ ದೂರು.

ಪಶ್ಚಿಮದವರು ಈ ಜ್ವರದಿಂದ ಪಾರಾದವರೆಂದು ಭಾವಿಸಬೇಕಿಲ್ಲ. ಅಮೆರಿಕದ ಲೂಯಿಸಾ ಮೇ ಆಲ್ಕಾಟ್ 1868ರಲ್ಲಿ ‘ಲಿಟಲ್ ವಿಮೆನ್’ ಕಾದಂಬರಿಯ ಮೊದಲ ಭಾಗ ಬರೆದಾಗ ನಾಯಕಿ ಜೋಗೂ ಗೆಳೆಯ ಲಾರಿಗೂ ಮದುವೆ ಮಾಡಿಸೆಂದು ಓದುವ ಹುಡುಗಿಯರು ದುಂಬಾಲು ಬಿದ್ದರು. ಆಕೆ ಹಟಕ್ಕೆ ಬಿದ್ದು ಮರುವರ್ಷದ ಭಾಗದಲ್ಲಿ ಇಬ್ಬರನ್ನೂ ಬೇರೆ ಬೇರೆ ಕಡೆ ಮದುವೆ ಮಾಡಿಸಿದಳು. ಒಂದೂವರೆ ಶತಮಾನವಾಯಿತು, ಜೋ–ಲಾರಿ ಕಡೆಯವರು ಇನ್ನೂ ಮುನಿದೇ ಇದ್ದಾರೆ. ಅಲ್ಲಿಯೂ ಪ್ರಶ್ನೆ, ಬರೆಯುವ ಹುಡುಗಿಗೆ ಮದುವೆ ಎಂಥದ್ದಿರಬೇಕು, ಬೇಕೇ ಬೇಕೇ ಎಂಬುದು.

ನಮ್ಮ ಪರದೆಯ ಪಂಚಾಯಿತಿ ಬೇಕೆಂದೇ ಕರೆಯದೆ ಬಿಟ್ಟಿರುವ ಒಂದು ಮೊಕದ್ದಮೆ ಇದೆ. ಚಿಂಚೋಳಿಯಿಂದ ವಾಯವ್ಯಕ್ಕೆ ಹೋದರೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಆದ ಮದುವೆ ಒಂದು ಪಟ್ಟಣವನ್ನೇ ಎರಡು ಮಾಡಿತು, ಅಪ್ಪಂದಿರಿಗೆ ಎಳೆಸಿ ಕೊಲ್ಲುವ ಎಳೆಹೂಟೆಯ ಶಿಕ್ಷೆಯಾಯಿತು ಎಂದು ಪರಂಪರೆ ಹೇಳುತ್ತದೆ. ಈ ಸೀಮೆಯಲ್ಲಿ ಜೋಡಿಗಾಗಿ ಜನ ಒಡೆದದ್ದರ ಮೂಲ ಕಥೆ ಅದು, ಒಡಕು ಜಾತಿಯದು. ಇವತ್ತಿಗೂ ಸೇಡಮ್ಮಿನಲ್ಲಾಗಲಿ ಚಿತ್ತಾಪುರದಲ್ಲಾಗಲಿ ಮನೆ ಒಡೆಯುವುದು ಗೌರಿಯೋ ಹಿಮಾಳೋ ಎಂಬಲ್ಲಿ ಅಲ್ಲ, ಹುಡುಗ ಯಾವ ಓಣಿಯವನು ಎಂಬಲ್ಲಿ. ಧಾರಾವಾಹಿಯ ನಾಯಕನಿಗೆ ಕಂಪನಿ ಇದೆ, ಕಾರಿದೆ, ಮೂರು ಅಂತಸ್ತಿನ ಮನೆ ಇದೆ, ಓಣಿ ಇಲ್ಲ. ಅವನ ಮುಂದೆ ನಿಲ್ಲುವ ಇಬ್ಬರು ಹುಡುಗಿಯರಿಗೂ ಇಲ್ಲ. ಬಡವಿ–ಸಿರಿವಂತೆ ಎನ್ನುವಷ್ಟಕ್ಕೆ ಅಂತರ ನಿಂತುಬಿಡುತ್ತದೆ. ಅಭಿಮಾನಿಗಳು ಕೇಳಬಲ್ಲ ಪ್ರಶ್ನೆಗಳ ಪಟ್ಟಿಯಿಂದ ಇದೊಂದನ್ನು ಕಥೆ ಬರೆಯುವವರು ಮೊದಲೇ ಹೊಡೆದುಹಾಕಿ, ಉಳಿದವುಗಳ ಮೇಲೆ ಜಗಳವಾಡಲು ಬಿಟ್ಟಿದ್ದಾರೆ. ಜನ ಹಗುರ ವಿಷಯಕ್ಕೆ ಕಚ್ಚಾಡುತ್ತಾರೆ ಎಂದು ದೂರುವವರು ಈ ಹಗುರವನ್ನು ತೂಗಿ ಕೊಟ್ಟವರು ಯಾರೆಂದು ನೋಡುವುದಿಲ್ಲ.

ಹಿಂದೊಮ್ಮೆ ಹೀಗಿರಲಿಲ್ಲ. 1972ರ ‘ನಾಗರಹಾವು’ ನೋಡಿ ಬಂದವರೂ ಅಲಮೇಲು ಕಡೆ, ಮಾರ್ಗರೇಟ್ ಕಡೆ ಎಂದು ಹಂಚಿಹೋದರು. ಆ ಪಾತ್ರ ಮಾಡಿದ ಆರತಿ, ಶುಭಾ ಇಬ್ಬರಿಗೂ ವಕೀಲರಿದ್ದರು. ಆದರೆ ತ.ರಾ.ಸು. ಕಥೆಯನ್ನು ಪುಟ್ಟಣ್ಣ ಕಣಗಾಲ್ ತೆಗೆದ ರೀತಿಯಲ್ಲಿ ಆ ವಾದ ಇಬ್ಬರು ಹುಡುಗಿಯರಲ್ಲಿ ನಿಲ್ಲುವುದಿಲ್ಲ. ನಾಯಕ ರಾಮಾಚಾರಿಗೆ ಅಲಮೇಲುವನ್ನು ಬಿಟ್ಟುಕೊಡು ಎಂದವರು ಅವನ ಗುರು ಚಾಮಯ್ಯ ಮೇಷ್ಟ್ರು. ಬಿಟ್ಟುಕೊಟ್ಟ ಮೇಲೆ ಅವಳ ಗತಿ ಏನಾಯಿತೆಂದು ರಾಮಾಚಾರಿ ಕಣ್ಣಾರೆ ನೋಡುತ್ತಾನೆ. ಕ್ರೈಸ್ತರ ಹುಡುಗಿ ಮಾರ್ಗರೇಟಿಗೂ ಅಡ್ಡ ನಿಲ್ಲುವವರು ಅವರೇ. ಹೀಗಾಗಿ ಯಾವ ಕಡೆಯವರು ವಾದ ಶುರು ಮಾಡಿದರೂ ಅರ್ಧ ತಾಸಿನಲ್ಲಿ ಅಲಮೇಲುವನ್ನೂ ಮಾರ್ಗರೇಟನ್ನೂ ಬಿಟ್ಟು, ಮೇಷ್ಟ್ರು ಮಾಡಿದ್ದು ಸರಿಯೇ ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ಒಳ್ಳೆಯವರು, ಮಗನಂತೆ ಕಂಡವರು, ಅಶ್ವಥ್ ಮುಖದವರು. ಅವರನ್ನೇ ಕಟಕಟೆಯಲ್ಲಿ ನಿಲ್ಲಿಸಿದ ಧೈರ್ಯ ಅದು. ನಾನು ನೋಡಿದ ಧಾರಾವಾಹಿಗಳಲ್ಲಿ ಹಿರಿಯರು ಕೊನೆಯ ಕಂತಿನಲ್ಲಿ ಕಣ್ಣೊರೆಸಿಕೊಂಡು ಅಕ್ಷತೆ ಹಾಕುತ್ತಾರೆ. ಅವರ ಮೇಲೆ ಕೇಸು ನಡೆದದ್ದನ್ನು ಕಂಡಿಲ್ಲ.